ಒಂದೇ ಬೋಗುಣಿಯಲ್ಲಿ ಎರಡು ಎಂಜಿನ್

ನಮ್ಮ ಮಾವನಿಗೆ ಎರಡು ವಿಷಯದಲ್ಲಿ ವಿಪರೀತ ಜಂಬ. ಒಂದು ಮೀಸೆ, ಇನ್ನೊಂದು ಹಳೆಯ ಆಟಿಕೆ ರೈಲುಗಳನ್ನು ಮತ್ತೆ ಓಡಿಸುವ ಕೈ. ಬಸ್ ಡಿಪೋದಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದ ಮೇಲೆ ನಮ್ಮ ಹಿಂದಿನ ಕೋಣೆಯೇ ಅವರ ಡಿಪೋ. "ಒಂದು ಮೇಜಿಗೆ ಒಂದೇ ಎಂಜಿನ್. ಎರಡು ಬಿಚ್ಚಿದ್ರೋ, ಮುಗೀತು ಕಥೆ," ಎಂದು ಬಂದವರಿಗೆಲ್ಲ ಉಪದೇಶ ಬೇರೆ.

ಒಂದು ದಿನ ಕ್ಷೌರದಂಗಡಿಯವರು ತೀರಿಹೋದ ತಮ್ಮ ತಂದೆಯ ಎಂಜಿನ್ ತಂದರು. ತಗಡಿನದು, ಕೀಲಿ ಕೊಟ್ಟರೆ ಓಡುವಂಥದು. "ಅಪ್ಪಂದು ಅಂತ ಉಳಿದಿರೋದು ಇದೊಂದೇ. ಜೋಪಾನ, ಯಜಮಾನ್ರೇ," ಎಂದರು. ಮಾವ ಚಿಕ್ಕಂದಿನಲ್ಲಿ ಆಡಿದ್ದೂ ಅದೇ ಮಾದರಿಯ ಎಂಜಿನ್. ಬೀರುವಿನಲ್ಲಿ ತುಕ್ಕು ಹಿಡಿದು ಕೂತಿತ್ತು. ಸೀಮೆಎಣ್ಣೆ ಉಳಿಯುತ್ತದಲ್ಲ ಎಂದು ನಮ್ಮ ಜಿಪುಣಾಗ್ರೇಸರರು ಎರಡನ್ನೂ ಬಿಚ್ಚಿ, ಬಣ್ಣ ಕೆರೆದು, ಒಂದೇ ಬೋಗುಣಿಯಲ್ಲಿ ನೆನೆಹಾಕಿದರು.

ಮಾರನೆಯ ಬೆಳಗ್ಗೆ ಅವರ ಮುಖ ನೋಡಬೇಕಿತ್ತು. ಉಳಿದದ್ದೆಲ್ಲ ಗುರುತು ಸಿಕ್ಕಿತು, ಗಾಲಿಗಳು ಮಾತ್ರ ಬೆರೆತುಹೋಗಿದ್ದವು.

"ಎರಡೂ ಒಂದೇ ಥರ ಇವೆಯಲ್ಲ, ಮಾವ? ಯಾವುದೋ ಒಂದು ಹಾಕಿ ಕೊಟ್ಬಿಡಿ," ಎಂದೆ.

"ಅವರಪ್ಪನ ಎಂಜಿನ್ನಿಗೆ ನನ್ನ ಗಾಲಿ ಹಾಕಿ ಕೊಡೋದಾ? ಯಾರಿಗೂ ಗೊತ್ತಾಗಲ್ಲಮ್ಮ, ನಂಗೆ ಗೊತ್ತಿರತ್ತಲ್ಲ!"

ಭೂತಗನ್ನಡಿ ಹಿಡಿದು ಕೂತವರು ಊಟಕ್ಕೂ ಏಳಲಿಲ್ಲ. ಅತ್ತೆಗೆ ರೇಗಿತು. "ಅಪ್ಪ ಹಳಿ ಕೊಡಿಸ್ಲಿಲ್ಲ, ಬರೀ ಸಿಮೆಂಟ್ ನೆಲದ ಮೇಲೆ ಓಡಿಸ್ದೆ ಅಂತ ಈ ವಯಸ್ಸಲ್ಲೂ ಗೊಣಗ್ತೀರಿ. ಈಗ ಎಂಜಿನ್ನೂ ಹೋಯ್ತು, ತಗೊಳ್ಳಿ!"

ಮಾವ ತಟ್ಟನೆ ಭೂತಗನ್ನಡಿ ಕೆಳಗಿಟ್ಟರು. ಕಣ್ಣು ಮುಚ್ಚಿ ಒಂದೊಂದೇ ಗಾಲಿಯ ಅಂಚಿನ ಮೇಲೆ ಬೆರಳಾಡಿಸಿದರು. ನಾಲ್ಕರ ಅಂಚು ನೆಲಕ್ಕೆ ಉಜ್ಜಿ ಉಜ್ಜಿ ಚಪ್ಪಟೆಯಾಗಿತ್ತು. ಉಳಿದವುಗಳಲ್ಲಿ ಎರಡು ಹೊಸದರಂತಿದ್ದವು, ಎರಡರ ಅಂಚು ತೆಳ್ಳಗೆ ಸವೆದಿತ್ತು. "ಚಪ್ಪಟೆ ನಾಲ್ಕೂ ನನ್ನವು. ಅವರಪ್ಪಂದರಲ್ಲಿ ಎರಡೇ ಯಾಕೆ ಸವೆದಿವೆ, ಅವು ಯಾವ ಕಡೇವು?" ಎಂದವರೇ ಚಪ್ಪಲಿ ಮೆಟ್ಟಿಕೊಂಡು ಕ್ಷೌರದಂಗಡಿಗೆ ಹೊರಟೇಬಿಟ್ಟರು. ಬಿಸಿಲಲ್ಲಿ ಒಬ್ಬರೇ ಹೋಗುವುದು ಬೇಡವೆಂದು ನಾನೂ ಹಿಂದೆ ಓಡಿದೆ.

ಮಾವ ಬೋಗುಣಿಯ ವಿಷಯ ಮುಚ್ಚಿಡದೆ ಹೇಳಿ, "ನಿಮ್ಮಪ್ಪ ಇದನ್ನ ಎಲ್ಲಿ ಓಡಿಸ್ತಿದ್ರು?" ಎಂದು ಕೇಳಿದರು. ಅಂಗಡಿಯವರಿಗೆ ಸಿಟ್ಟು ಬಂದೀತೆಂದುಕೊಂಡಿದ್ದೆ. ಅವರು ನಕ್ಕರು.

"ಇಲ್ಲೇ, ಈ ಕುರ್ಚಿ ಮುಂದೆ. ದುಂಡನೆ ಹಳಿ, ಯಾವಾಗ್ಲೂ ಎಡಕ್ಕೇ ಸುತ್ತು. ಮಕ್ಕಳು ಅಳದೆ ಕೂತ್ಕೊಳ್ಳಲಿ ಅಂತ. ತಲೆ ಅಲ್ಲಾಡಿಸ್ಬಾರ್ದು, ಕಣ್ಣಲ್ಲೇ ನೋಡ್ಬೇಕು ಅಂತ ಕಟ್ಟಪ್ಪಣೆ. ನಂಗೂ ಹಾಗೇ ಕಟಿಂಗ್ ಮಾಡ್ತಿದ್ರು."

"ಎಡಕ್ಕೆ ಸುತ್ತಿದ್ರೆ ಹಳಿಗೆ ಉಜ್ಜಿ ಸವೆಯೋದು ಬಲಗಡೆ ಗಾಲಿಗಳ ಅಂಚು!" ಮಾವನ ಮೀಸೆ ಮತ್ತೆ ಮೇಲೆದ್ದಿತು.

ಗಾಲಿಗಳು ತಂತಮ್ಮ ಮನೆ ಸೇರಿದವು. ಬಣ್ಣ ಒಣಗಿದ ಮೇಲೆ ಅಂಗಡಿಯವರು ದುಂಡು ಹಳಿ ತಂದು ನಮ್ಮ ನಡುಮನೆಯಲ್ಲಿ ಜೋಡಿಸಿದರು. ಮಾವ ತಮ್ಮ ಎಂಜಿನ್ನನ್ನೂ ನೆಲಕ್ಕೆ ಬಿಟ್ಟರು. ಅದು ನೆಟ್ಟಗೆ ಮಂಚದಡಿಗೆ ನುಗ್ಗಿತು. ತರಲು ತೆವಳಿಕೊಂಡು ಹೋದವರ ಮೀಸೆಯ ತುಂಬ ಧೂಳು. ಅತ್ತೆಯೂ ನಾನೂ ಬಿದ್ದು ಬಿದ್ದು ನಕ್ಕೆವು.

ಅಂಗಡಿಯವರು ಮಾತ್ರ ನಗಲಿಲ್ಲ. ಅವರಪ್ಪನ ಎಂಜಿನ್ ಎಡಕ್ಕೆ ಸುತ್ತು ಹಾಕುತ್ತಿತ್ತು. ನರೆತ ತಲೆಯ ಆ ಮನುಷ್ಯ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತು, ತಲೆಯನ್ನು ಒಂದಿಷ್ಟೂ ಅಲ್ಲಾಡಿಸದೆ, ಕಣ್ಣನ್ನಷ್ಟೇ ಹೊರಳಿಸುತ್ತ ಅದನ್ನು ನೋಡುತ್ತಿದ್ದರು.