ದೊಡ್ಡ ಮಾಲತೇಶಪ್ಪನ ಮಂಚ

ಗುತ್ತೆವ್ವನ ಗಂಡ ತೀರಿಕೊಂಡು ತಿಂಗಳಾಗಿತ್ತು. ದವಾಖಾನೆಯವರು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ವಾರದಲ್ಲಿ ಎರಡು ಸಲ ಅವಳ ಫೋನು ಟಿಣ್ ಎನ್ನುತ್ತಿತ್ತು. ಓದಲು ಅಷ್ಟಾಗಿ ಬಾರದಿದ್ದರೂ ಆ ಮೆಸೇಜು ಅವಳಿಗೆ ಗೊತ್ತು. ನಾಳೆ ನಿಮ್ಮ ಡಯಾಲಿಸಿಸ್ ಇದೆ, ತಪ್ಪದೆ ಬನ್ನಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಳಿತಾಗ ಅದು ಬಂದರೆ ಸುತ್ತಲಿನ ಹೆಂಗಸರು ಅವಳ ಕಡೆ ತಿರುಗುತ್ತಿದ್ದರು. ಒಂದು ದಿನ ಪಕ್ಕದಲ್ಲಿ ಕುಳಿತ ಬಿಸ್ಮಿಲ್ಲಾಬಿ ಬಾಯಿ ಬಿಟ್ಟಳು.

"ಸತ್ತವರನ್ನ ಕರಿಯೂದು ಇವರಿಗೆ ಚಟ ಆಗೇತಿ. ಹೋಗಿ ಹೇಳಿ ಬಾರವಾ."

"ಅವರು ಹೋದ ದಿನಾನ ಫೋನ್ ಮಾಡಿ ಹೇಳೇನಿ."

"ಫೋನಿನ ಮಾತು ಅವರಿಗೆ ಕೇಳಸೂದಿಲ್ಲ. ಕಾಗದ ತೋರಸು."

ಮರುದಿನ ಗುತ್ತೆವ್ವ ಮರಣದ ದಾಖಲೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಮೋಟೆಬೆನ್ನೂರಿನ ಹೆದ್ದಾರಿಯಲ್ಲಿ ಬಸ್ಸು ಹಿಡಿದಳು. ಅದೇ ಜಾಗದಲ್ಲಿ ಗಂಡನನ್ನು ಭುಜಕ್ಕೆ ಆನಿಸಿಕೊಂಡು ನಿಲ್ಲುತ್ತಿದ್ದಳು. ಮೊದಲು ಹಾವೇರಿ, ಆಮೇಲೆ ರಾಣೆಬೆನ್ನೂರು, ಮಂಚ ಖಾಲಿ ಇದ್ದ ಕಡೆ ಓಡಾಟ. ಕೊನೆಗೆ ಈ ದವಾಖಾನೆಯಲ್ಲಿ ಕಿಟಕಿ ಬದಿಯ ಮಂಚ ಸಿಕ್ಕಿತು. ರಕ್ತ ತೊಳೆಯುವ ಮಿಷನ್ನಿಗೆ ಕೈ ಕೊಟ್ಟು ಅವನು ಅರ್ಧ ದಿನ ಅಲ್ಲಿ ಮಲಗುತ್ತಿದ್ದ. ಪಕ್ಕದ ಮಂಚದವನ ಹೆಸರೂ ಮಾಲತೇಶಪ್ಪನೇ. ದೇವರಗುಡ್ಡದ ಮಾಲತೇಶ ದೇವರಿಗೆ ನಡೆದುಕೊಳ್ಳುವ ಸೀಮೆಯಲ್ಲಿ ಆ ಹೆಸರಿಗೆ ಬರವಿಲ್ಲ. ಸಿಸ್ಟರ್ ನಿರ್ಮಲಾ ಗುತ್ತೆವ್ವನ ಗಂಡನನ್ನು ದೊಡ್ಡ ಮಾಲತೇಶಪ್ಪ, ಇನ್ನೊಬ್ಬನನ್ನು ಸಣ್ಣ ಮಾಲತೇಶಪ್ಪ ಎನ್ನುತ್ತಿದ್ದಳು.

ದವಾಖಾನೆಗೆ ಹೊಸ ಬಣ್ಣ ಬಂದಿತ್ತು. ಡಯಾಲಿಸಿಸ್ ಕೋಣೆಗೆ ಗಾಜಿನ ಬಾಗಿಲು. ಬಾಗಿಲ ಬದಿಗೆ ರೋಗಿಗಳ ಹೆಸರು ದಾಖಲಿಸುವ ಮನೋಹರ, ಮುಂದೆ ಅವನ ಹೊಸ ಕಂಪ್ಯೂಟರು. ಹೊರಗಿನ ಬೆಂಚಿನಲ್ಲಿ ಸಣ್ಣ ಮಾಲತೇಶಪ್ಪ ಮುಖ ಊದಿಸಿಕೊಂಡು ಕುಳಿತಿದ್ದ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಹೆಂಡತಿ ಉಚ್ಚಂಗೆವ್ವ ಸೆರಗಿನಿಂದ ಗಾಳಿ ಹಾಕುತ್ತಿದ್ದಳು.

"ಯಾಕವಾ, ಒಳಗ ಹೋಗಲಿಲ್ಲೇನು?" ಎಂದು ಗುತ್ತೆವ್ವ ಕೇಳಿದಳು.

"ಹೆಂಗ ಹೋಗೂದು? ಇವರು ಸತ್ತಾರಂತ."

"ಹೌದ್ರಿ ಅಕ್ಕಾ," ಎಂದ ಸಣ್ಣ ಮಾಲತೇಶಪ್ಪ. "ಈ ವಾರ ಗೊತ್ತಾತು ನನಗೂ."

ಹಳೆಯ ಪುಸ್ತಕ ಇರುವ ತನಕ ನಿರ್ಮಲಾ ಮುಖ ನೋಡಿ ಮಲಗಿಸುತ್ತಿದ್ದಳು. ಈ ವಾರದಿಂದ ಎಲ್ಲ ಕಂಪ್ಯೂಟರ್. ಅದರಲ್ಲಿ ಹೆಸರಿದ್ದವರಿಗೆ ಮಾತ್ರ ಮಂಚ. ಹಿಂದಿನ ಪಾಳಿಯೂ ಅವನಿಗೆ ತಪ್ಪಿತ್ತು. ಇವತ್ತೂ ತಪ್ಪಿದರೆ ಏನಾಗುತ್ತದೆಂದು ಆ ಬೆಂಚಿನಲ್ಲಿ ಕುಳಿತ ಯಾರಿಗೂ ಹೇಳಬೇಕಾಗಿರಲಿಲ್ಲ.

ಗುತ್ತೆವ್ವ ಮನೋಹರನ ಮುಂದೆ ನಿಂತಳು. "ತಮ್ಮಾ, ಹೋದವರು ನಮ್ಮನಿಯವರು. ಇವರನ್ನ್ಯಾಕ ತಗದಿ?"

"ಅವತ್ತ ಫೋನಿನ್ಯಾಗ ಹೆಸರ ಕೇಳಿದ್ರ ನೀವು ಹೇಳಲಿಲ್ಲ. ದೇವರಗುಡ್ಡದ ದೇವರ ಹೆಸರಿನವರು ಹೋದ್ರು ಅಂದ್ರಿ. ಈ ಹೊಸ ಕಂಪ್ಯೂಟರ್‌ದಾಗ ಹೆಸರ ಏರಸುವಾಗ ನಾ ದೇವರಗುಡ್ಡದ ಮಾಲತೇಶಪ್ಪನ್ನ ಸತ್ತಾರಂತ ತಗದೆ. ಇವರು ದೇವರಗುಡ್ಡದವರ ಅದಾರಲ್ಲ."

ಗಂಡನ ಹೆಸರನ್ನು ಗುತ್ತೆವ್ವ ಎಂದೂ ಬಾಯಿ ಬಿಟ್ಟು ಹೇಳಿದವಳಲ್ಲ. ಮದುವೆಯಲ್ಲಿ ಹೆಂಗಸರು ಹೊಸ್ತಿಲಲ್ಲಿ ತಡೆದಾಗ ಒಡಪಿನ ಪದ್ಯ ಕಟ್ಟಿ ಅದರೊಳಗೆ ಒಮ್ಮೆ ಹೇಳಿದ್ದಳು, ಅಷ್ಟೇ. ಅವನ ಹೆಣದ ಮುಂದೆ ಕುಳಿತು ಫೋನಿನಲ್ಲಿ ಹೇಳುವಷ್ಟು ಗಟ್ಟಿ ಎದೆ ಅವಳಿಗಿರಲಿಲ್ಲ.

"ನಿಮ್ಮವ್ವ ನಿಮ್ಮಪ್ಪನ ಹೆಸರ ಹೇಳತಾಳೇನು?"

ಮನೋಹರ ತಲೆ ಕೆರೆದುಕೊಂಡ. "ಇಲ್ರಿ."

"ಮತ್ತ? ತಿಳೀದಿದ್ರ ಇನ್ನೊಮ್ಮೆ ಕೇಳಬೇಕಿತ್ತು. ಈಗರೆ ಸರಿ ಮಾಡು."

"ಮೇಲಿಂದ ಆಗಬೇಕ್ರಿ. ಸತ್ತವರನ್ನ ಬದುಕಿಸೋ ಅಧಿಕಾರ ನಮಗಿಲ್ಲ."

"ಕೊಲ್ಲೂದಷ್ಟ ಐತೇನು?"

ಮನೋಹರ ಕೈ ಚಾಚಿದ. "ನಿಮ್ಮ ಕಾಗದ ಕೊಡ್ರಿ. ನಿಮ್ಮ ಮೆಸೇಜರೆ ಬಂದ್ ಮಾಡತೇನಿ."

ಗುತ್ತೆವ್ವ ಪ್ಲಾಸ್ಟಿಕ್ ಬಿಚ್ಚತೊಡಗಿದಳು. ಅಷ್ಟರಲ್ಲಿ ನಿರ್ಮಲಾ ಹೊರಬಂದು ಸಣ್ಣ ಮಾಲತೇಶಪ್ಪನ ಕಾಲನ್ನು ಬೆರಳಿನಿಂದ ಒತ್ತಿದಳು. ಒತ್ತಿದ ಕುಳಿ ಹಾಗೆಯೇ ನಿಂತಿತು.

"ಡಾಕ್ಟರು ಚೀಟಿ ಬರದಾರ, ಮಿಷನ್ ಖಾಲಿ ಐತಿ, ನಾ ಅದೇನಿ," ಎಂದಳು ನಿರ್ಮಲಾ. "ಕಂಪ್ಯೂಟರ್ ಒಂದ ಒಪ್ಪವಲ್ದು."

"ಬೇರೆ ದವಾಖಾನಿಗೆ ಕಳಸ್ರಿ ಸಿಸ್ಟರ್," ಎಂದ ಮನೋಹರ.

"ಅಲ್ಲೂ ಇದ ಕಂಪ್ಯೂಟರ್. ಎಲ್ಲಾ ಕಡೆ ಸತ್ತಾರ ಅವರು."

ಗುತ್ತೆವ್ವ ಗಾಜಿನಾಚೆ ನೋಡಿದಳು. ಕಿಟಕಿ ಬದಿಯ ಮಂಚಕ್ಕೆ ತೊಳೆದ ಚಾದರ ಹಾಸಿತ್ತು. ಯಾರೂ ಇರಲಿಲ್ಲ.

"ಆ ಮಂಚ ಇವತ್ತ ಯಾರ ಹೆಸರಿಲೆ ಐತ್ರಿ?"

"ನಿಮ್ಮವರದು," ಎಂದಳು ನಿರ್ಮಲಾ ಮೆಲ್ಲಗೆ.

"ಈ ಕಾಗದ ಕೊಟ್ರ?"

"ಅದೂ ಮುಚ್ಚತೈತಿ."

ಗುತ್ತೆವ್ವ ಕಾಗದವನ್ನು ಮತ್ತೆ ಸುತ್ತಿ ಚೀಲದೊಳಗೆ ತುರುಕಿದಳು. "ಹಂಗಾರ ನಮ್ಮನಿಯವರು ಇನ್ನೂ ಅದಾರ. ಇವರನ್ನ ಅಲ್ಲಿ ಮಲಗಸ್ರಿ."

ನಿರ್ಮಲಾ ಮನೋಹರನನ್ನು ನೋಡಿದಳು. ಮನೋಹರ ಬೆಂಚಿನ ಕಡೆ ನೋಡಿದ.

"ಸೂಜಿ, ಔಷಧ ಎಲ್ಲಾ ಇವರ ಫೈಲ್ ನೋಡೇ ಹಾಕತೇನಿ. ಮಂಚ ಅಷ್ಟ ಅವರದು," ಎಂದಳು ನಿರ್ಮಲಾ. "ಆದ್ರ ಜೋಡಿ ಬಂದವರ ಹೆಬ್ಬೆಟ್ಟು ಬೇಕು. ಅದು ನಿಮ್ಮದ."

ಉಚ್ಚಂಗೆವ್ವ ಕಣ್ಣೊರೆಸಿಕೊಂಡಳು. "ಏ ಗುತ್ತೆವ್ವಾ, ನನ್ನ ಗಂಡನ್ನ ಸಂಜಿಕ ತಿರುಗಿ ಕೊಡತೀಯೋ ಇಲ್ಲೋ?"

"ಒಬ್ಬನ್ನ ಜ್ವಾಕಿ ಮಾಡಿ ಸಾಕಾಗೇತಿ. ನಿನ್ನವನ್ನ ನೀನ ಒಯ್ಯಿ."

ಮೇಜಿನ ಮೇಲಿನ ಯಂತ್ರಕ್ಕೆ ಗುತ್ತೆವ್ವನ ಹೆಬ್ಬೆಟ್ಟಿನ ಗುರುತು ಸಿಗಲಿಲ್ಲ. ಮೆಣಸಿನಕಾಯಿ ಮುರಿದು ಮುರಿದು ಬೆರಳಿನ ಗೆರೆ ಸವೆದಿತ್ತು. ಸೀರೆಗೆ ಉಜ್ಜಿ ಮತ್ತೆ ಒತ್ತಿದಳು, ಮತ್ತೆ ಒತ್ತಿದಳು. ಕೊನೆಗೆ ಹಸಿರು ದೀಪ ಹತ್ತಿತು.

"ರೋಗಿ ಹೆಸರು?" ಎಂದ ಮನೋಹರ.

"ಗೊತ್ತೈತಲ್ಲ ನಿನಗ."

"ಬಾಯಿಲೆ ಹೇಳಿಬಿಡ್ರಿ ಬೇ. ಮತ್ತ ಯಾರನ್ನರೆ ತಗದೇನು."

ಸಣ್ಣ ಮಾಲತೇಶಪ್ಪನ ಉಸಿರು ಬೆಂಚಿನಿಂದ ಕೇಳುತ್ತಿತ್ತು. ಗುತ್ತೆವ್ವ ಕಿಟಕಿ ಬದಿಯ ಮಂಚ ನೋಡಿದಳು.

"ಮಾಲತೇಶಪ್ಪ," ಎಂದಳು.

ಒಡಪು ಇರಲಿಲ್ಲ. ತಡೆದು ನಗುವ ಹೆಂಗಸರೂ ಇರಲಿಲ್ಲ. ನಿರ್ಮಲಾ ಬಾಗಿಲು ತೆಗೆದಳು.

ಮಿಷನ್ ತಿರುಗಿತು. ಗುತ್ತೆವ್ವ ತನ್ನ ಹಳೆಯ ಸ್ಟೂಲಿನಲ್ಲಿಯೇ ಕುಳಿತಳು. ಗಾಜಿನಾಚೆ ಉಚ್ಚಂಗೆವ್ವ ರೊಟ್ಟಿಯ ಗಂಟು ಹಿಡಿದು ಕಾಯುತ್ತಿದ್ದಳು. ಸಂಜೆಗೆ ಸಣ್ಣ ಮಾಲತೇಶಪ್ಪ ಎದ್ದು ತಾನೇ ಚಪ್ಪಲಿ ಮೆಟ್ಟಿದ.

"ಆ ಕಾಗದ?" ಎಂದು ಮನೋಹರ ಕೇಳಿದ.

"ಇವರನ್ನ ನೀವು ಬದುಕಿಸಿದ ದಿನ ಕೊಡತೇನಿ," ಎಂದು ಗುತ್ತೆವ್ವ ಬಸ್ಸಿಗೆ ನಡೆದಳು.

ಮುಂದಿನ ಪಾಳಿಯ ಮೆಸೇಜು ಮಾರುಕಟ್ಟೆಯಲ್ಲೇ ಬಂತು. ಬಿಸ್ಮಿಲ್ಲಾಬಿ ಕೈಯಲ್ಲಿದ್ದ ಕಾಯಿ ಬಿಟ್ಟಳು.

"ಇನ್ನೂ ಬಂದ್ ಮಾಡಿಲ್ಲೇನವಾ ಅವರು?"

"ಇಲ್ಲ," ಎಂದಳು ಗುತ್ತೆವ್ವ ತೊಟ್ಟು ಮುರಿಯುತ್ತ. "ನಾಳೆ ನನಗ ಜಾಗಾ ಹಿಡೀಬ್ಯಾಡ. ದವಾಖಾನಿಗೆ ಹೋಗೂದೈತಿ."