ಗೇರ್ ಮೇಷ್ಟ್ರು

ಡ್ರೈವಿಂಗ್ ಕಲಿಸುವ ಅವರನ್ನು ಊರೆಲ್ಲ ಗೇರ್ ಮೇಷ್ಟ್ರು ಎಂದೇ ಕರೆಯುತ್ತದೆ. ಗೇರ್ ಬದಲಿಸಲು ಮೀಟರಿನ ಮುಳ್ಳು ನೋಡುವವರು ಅವರ ಪಾಲಿಗೆ ಡ್ರೈವರುಗಳೇ ಅಲ್ಲ. ಅದಕ್ಕೇ ತಮ್ಮ ಹಳೆಯ ಕಾರಿನ ಮೀಟರಿಗೆ ರಟ್ಟು ಅಂಟಿಸಿಬಿಟ್ಟಿದ್ದಾರೆ. "ಇಂಜಿನ್ನೇ ಬಾಯಿಬಿಟ್ಟು ಹೇಳುತ್ತಲ್ರೀ! ಕಿರುಚಿದ್ರೆ ಮೇಲಿನ ಗೇರು, ಗೊಣಗಿದ್ರೆ ಕೆಳಗಿನ ಗೇರು, ಅಷ್ಟೇ" ಎಂದು ದಿನಕ್ಕೆ ನೂರು ಸಲ ಹೇಳುತ್ತಾರೆ. ಅಡುಗೆಮನೆಯಲ್ಲಿ ಮಿಕ್ಸಿ ಅರಚಿದರೂ ಅವರ ಎಡಗಾಲು ಕ್ಲಚ್ ಹುಡುಕುತ್ತದೆ. "ಮನೇಲಾದ್ರೂ ನ್ಯೂಟ್ರಲ್‌ನಲ್ಲಿರಿ" ಎಂದು ಹೆಂಡತಿ ನಗುತ್ತಾರೆ. ಇಂಥವರ ಬಳಿಗೆ ಒಮ್ಮೆ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಅಣ್ಣನೊಂದಿಗೆ ಬಂದಳು. "ನನ್ನ ತಂಗಿಗೆ ಕಿವಿ ಕೇಳ್ಸಲ್ಲ ಸಾರ್. ಡ್ರೈವಿಂಗ್ ಕಲ್ಸೋಕೆ ನಾಲ್ಕು ಕಡೆ ಆಗಲ್ಲ ಅಂದ್ಬಿಟ್ರು" ಎಂದ ಅಣ್ಣ. ಮೇಷ್ಟ್ರು ತಲೆ ಕೆರೆದುಕೊಂಡು, "ಒಂದು ವಾರ ಬಿಟ್ಟು ಕರ್ಕೊಂಡ್ ಬನ್ನಿ" ಎಂದರು. ಇವರೂ ಸಾಗಹಾಕಿದರೆಂದು ಅವನು ಸಪ್ಪಗಾದ. ಆದರೆ ಆ ವಾರವೆಲ್ಲ ಮೇಷ್ಟ್ರು ಕಿವಿಗೆ ಹತ್ತಿ ತುರುಕಿಕೊಂಡು ಖಾಲಿ ಮೈದಾನದಲ್ಲಿ ಒಬ್ಬರೇ ಕಾರು ಓಡಿಸಿದರು. ಮೊದಲೆರಡು ದಿನ ಹೊಸಬರ ಹಾಗೆ ಕುಲುಕಾಡಿ ನಿಂತರೂ ಹಟ ಬಿಡಲಿಲ್ಲ. ಐದನೆಯ ದಿನ ಅಂಗಾಲಿಗೆ, ಅಂಗೈಗೆ ವಿಷಯ ತಿಳಿಯಿತು. ಅವಳು ಬಂದಾಗ ಚಪ್ಪಲಿ ಬಿಡಿಸಿ ಕೂರಿಸಿ, ಕಾಗದದಲ್ಲಿ ಬರೆದು ತೋರಿಸಿದರು: "ಕಾಲಡಿ ಕಾರಿನ ನಡುಕ ಸಣ್ಣಗಾಗಿ ಜುಮ್ಮೆಂದರೆ ಮೇಲಿನ ಗೇರು. ದಡದಡ ಎಂದರೆ ಕೆಳಗಿನದು." ದಿನವಿಡೀ ಹೊಲಿಗೆ ಯಂತ್ರ ತುಳಿಯುವ ಅವಳು ಓದಿ ನಕ್ಕಳು. ಮೈದಾನದ ಮೂರನೆಯ ಸುತ್ತಿನಲ್ಲಿ, ಮೇಷ್ಟ್ರು ಸನ್ನೆಗೆಂದು ಕೈ ಎತ್ತುವ ಮೊದಲೇ, ಅವಳು ಎರಡರಿಂದ ಮೂರಕ್ಕೆ ಬಂದುಬಿಟ್ಟಳು. ಕಾರು ಒಂದಿಷ್ಟೂ ಅಲುಗಲಿಲ್ಲ.