ಅಕ್ಕನಿಗೆ ಜ್ವರ ಬರಲಿಲ್ಲ

ನಮ್ಮ ಓಣಿಯಲ್ಲಿ ಜ್ವರ ಇದೆಯೋ ಇಲ್ಲವೋ ಎಂದು ಹೇಳುವವಳು ನಾನೇ ಆಗಿದ್ದೆ. ಕೂಸುಗಳನ್ನು ಎತ್ತಿಕೊಂಡು ನನ್ನ ಹತ್ತಿರ ಬರುತ್ತಿದ್ದರು. ಕೈಯ ಹಿಂಬದಿಯನ್ನು ಕಿವಿಯ ಕೆಳಗೆ ಇಟ್ಟು ನೋಡುತ್ತಿದ್ದೆ. ‘ಇವತ್ತೇ ಕಂಪ್ಲಿ ದವಾಖಾನಿಗಿ ಒಯ್ಯಿ’ ಎಂದರೆ ಒಯ್ಯುತ್ತಿದ್ದರು. ‘ಏನಿಲ್ಲ, ಗಂಜಿ ಕುಡಸು’ ಎಂದರೆ ಗಂಜಿ ಕುಡಿಸುತ್ತಿದ್ದರು. ತಪ್ಪಿದ್ದು ಕಡಿಮೆ. ಹಾಗಾಗಿ ನನಗೆ ಸೊಕ್ಕು ಬಂದಿತ್ತು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ. ಇಬ್ಬರೂ ಮೆಟ್ರಿ ಊರಿನ ಈ ಮನೆಗೆ ಸೊಸೆಯರಾಗಿ ಬಂದವರು. ಗಂಡಂದಿರು ಸತ್ತ ಮೇಲೂ ಒಂದೇ ಒಲೆಯಲ್ಲಿ ಬೇಯಿಸಿ ಉಂಡೆವು, ಒಂದೇ ಒಲೆಗೆ ಜಗಳವಾಡಿದೆವು. ಅವಳಿಗೆ ಎಪ್ಪತ್ತು ದಾಟಿತ್ತು, ನಾನು ಐದಾರು ವರ್ಷ ಚಿಕ್ಕವಳು. ನಾಟಿ ಬಂದರೆ ನಾವಿಬ್ಬರೂ, ಅವಳ ಸೊಸೆಯೂ ಕೂಲಿಗೆ ಹೋಗುತ್ತಿದ್ದೆವು. ಹೊತ್ತು ಇಳಿಯುವಾಗ ಗದ್ದೆಯವರು, ‘ಇದೊಂದು ಮೂಲಿ ಉಳದೈತಿ, ಮುಗಿಸಿ ಹೋಗ್ರಬೇ’ ಎನ್ನುತ್ತಿದ್ದರು. ಹರೆಯದವರು ನಿಲ್ಲುತ್ತಿದ್ದರು. ಅಕ್ಕ ಸೊಂಟ ಹಿಡಿದುಕೊಂಡು ಬದುವಿಗೆ ಹತ್ತಿಬಿಡುತ್ತಿದ್ದಳು. ನಾನು ಎಲ್ಲರೆದುರೇ ಅವಳನ್ನು ಕೆಲಸಗಳ್ಳಿ ಎನ್ನುತ್ತಿದ್ದೆ.

ಹೋದ ವರ್ಷದ ನಾಟಿಯಲ್ಲಿ, ಕಾಲುವೆ ದಂಡೆಯಲ್ಲಿ ಕಟ್ಟಿಗೆ ಆರಿಸುವಾಗ ಅವಳ ಹಿಮ್ಮಡಿಗೆ ಜಾಲಿಮುಳ್ಳು ಇಳಿಯಿತು. ನಾನೇ ಪಿನ್ನಿನಿಂದ ಕಿತ್ತು ಅರಿಶಿನ ಮೆತ್ತಿದೆ. ಅದೇ ಕಾಲಲ್ಲಿ ಅವಳು ಎರಡು ದಿನ ಕೆಸರಿನಲ್ಲಿ ನಿಂತಳು. ಹರೆಯದಲ್ಲಿ ಸಂಡೂರು ಗುಡ್ಡದಲ್ಲಿ ಅದಿರು ಆರಿಸುವಾಗ ಕಲ್ಲು ಬಿದ್ದು ಅವಳ ಕಾಲು ಸೀಳಿತ್ತು. ಆಗ ಮೈ ಹೆಂಚಿನ ಹಾಗೆ ಕಾದು, ಜ್ವರ ಬಿಟ್ಟು, ಎಂಟು ದಿನದಲ್ಲಿ ಮತ್ತೆ ಬುಟ್ಟಿ ಹೊತ್ತಿದ್ದಳು. ಅದನ್ನು ಕಂಡಿದ್ದ ನನಗೆ ಮುಳ್ಳೊಂದು ಯಾವ ಲೆಕ್ಕ?

ಮೂರನೆಯ ದಿನ ಅವಳು ಏಳಲಿಲ್ಲ. ರೊಟ್ಟಿ ಮುಟ್ಟಲಿಲ್ಲ. ಎಂದೋ ಮಾರಿದ ಎಮ್ಮೆಗೆ ಮೇವು ಹಾಕಿದೆಯಾ ಎಂದು ಸೊಸೆಯನ್ನು ಕೇಳಿದಳು. ಸೊಸೆ ಗಾಬರಿಯಾಗಿ ನನ್ನ ಹತ್ತಿರ ಬಂದಳು.

‘ಸಣ್ಣತ್ತಿ, ದವಾಖಾನಿಗಿ ಕರಕೊಂಡು ಹೋಗ್ಲೇನ್ರಿ? ಮಾತು ಒಂಥರಾ ಆಗೈತಿ.’

ನಾನು ಹೋಗಿ ಮುಟ್ಟಿದೆ. ಹಣೆ, ಕುತ್ತಿಗೆ, ಬೆನ್ನು. ಎಲ್ಲಾ ತಣ್ಣಗೆ.

‘ಜ್ವರ ಎಲ್ಲೈತಿ? ನೀರಿನ ಕೊಡ ಇದ್ದಂಗ ಐತಿ ಮೈ. ನಾಟಿ ಬಂತಂದ್ರ ಇಕಿಗಿ ಹಿಂಗ ಆಗತೈತಿ.’

ಅಕ್ಕ ಗೋಡೆ ಕಡೆ ಹೊರಳಿದಳು. ‘ನಾನೇನು ಆಟ ಕಟ್ಟೀನೇನಬೇ?’

‘ಕಟ್ಟೀಯೋ ಇಲ್ಲೋ, ನನ್ನ ಕೈಗೆ ಗೊತ್ತು.’

ಪಕ್ಕದ ಮನೆಯವಳು ಬಾಗಿಲಲ್ಲಿ ನಿಂತು ನಕ್ಕಳು. ‘ನಮ್ಮ ದೊಡ್ಡ ಡಾಕ್ಟರು ಹೇಳಿದ ಮ್ಯಾಲ ಮುಗೀತು ಬಿಡು.’

ನನಗೂ ನಗು ಬಂತು. ಸೊಸೆಯನ್ನು ಎಬ್ಬಿಸಿಕೊಂಡು ಗದ್ದೆಗೆ ಹೋದೆ. ಹೀಗೆ ಎರಡು ದಿನ ಹೋದವು.

ಆಮೇಲೆ ಅವಳ ಉಸಿರು ಓಡತೊಡಗಿತು. ಆಟೋದಲ್ಲಿ ಹಾಕಿಕೊಂಡು ಕಂಪ್ಲಿಗೆ ಹೋದೆವು. ಅಲ್ಲಿ ನೋಡಿದವರು ನಿಲ್ಲಿಸಿಕೊಳ್ಳದೆ ಹೊಸಪೇಟೆಗೆ ಕಳಿಸಿದರು. ಹೊಸಪೇಟೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ಹಿಮ್ಮಡಿ ಒತ್ತಿದಳು, ರಕ್ತ ತೆಗೆಸಿದಳು, ಎಷ್ಟು ದಿನವಾಯಿತು ಎಂದಳು. ಸೊಸೆ ಬಾಯಿ ತೆರೆಯುವ ಮೊದಲೇ ನಾನು, ‘ಒಂದಿನಾನೂ ಜ್ವರ ಬಂದಿಲ್ರಿ’ ಎಂದೆ. ದೊಡ್ಡ ಸಾಕ್ಷಿ ಹೇಳುವವಳ ಹಾಗೆ.

‘ಅದೇ ತೊಂದ್ರಿ ಆಗಿದ್ದು, ಅಜ್ಜಿ.’

ಆಮೇಲೆ ತಿಳಿಸಿ ಹೇಳಿದಳು. ರಕ್ತದಲ್ಲಿ ಬಿಳಿ ಕಣ ಎಂದು ಇರುತ್ತವಂತೆ, ನಂಜಿನ ಹುಳಗಳನ್ನು ತಿನ್ನುವವು. ಅವುಗಳಲ್ಲಿ ಮೊದಲು ಗಾಯಕ್ಕೆ ಓಡಿ ಬರುವವುಗಳ ಆಯುಷ್ಯ ಹೆಚ್ಚೆಂದರೆ ಒಂದೆರಡು ದಿನ; ಎಲುಬಿನೊಳಗೆ ದಿನಾ ಹೊಸವು ಹುಟ್ಟಬೇಕು. ಅವು ಬಂದ ಮೇಲೆ ಗಾಯ ಅವಕ್ಕೆ, ಈಗಲೇ ಸಾಯಬೇಡಿ, ಇನ್ನಷ್ಟು ಹೊತ್ತು ನಿಲ್ಲಿ ಎಂದು ಹೇಳುತ್ತದಂತೆ. ಹರೆಯದ ಮೈಯಲ್ಲಿ ಅವು ನಿಲ್ಲುತ್ತವೆ. ಮುದಿ ಮೈಯಲ್ಲಿ ಎಣಿಕೆಗೇನೋ ಇರುತ್ತವೆ, ಆದರೆ ದಾರಿ ತಪ್ಪಿ ತಡವಾಗಿ ಬರುತ್ತವೆ, ನಿಲ್ಲು ಎಂದರೂ ನಿಲ್ಲದೆ ಸಾಯುತ್ತವೆ. ಮೈಗೆ ಜ್ವರ ಏರಿಸುವ ಶಕ್ತಿಯೂ ಕುಂದಿರುತ್ತದೆ. ನಂಜು ರಕ್ತಕ್ಕೆ ಇಳಿದರೂ ಹಣೆ ತಣ್ಣಗೇ ಇರಬಹುದು.

‘ವಯಸ್ಸಾದವರು ಊಟ ಬಿಟ್ರ, ಮಾತು ಒಂಥರಾ ಆದ್ರ, ಏಳಾಕ ಆಗವಲ್ದು ಅಂದ್ರ, ಅದನ್ನೇ ಜ್ವರ ಅಂತ ತಿಳ್ಕೋಬೇಕು’ ಎಂದಳು.

ಒಂದು ಮೂಲೆ ಉಳಿಸಿ ಬದುವಿಗೆ ಹತ್ತುತ್ತಿದ್ದ ಅಕ್ಕ ನೆನಪಾದಳು. ಅವಳ ಮೈಯೊಳಗಿನ ಆ ಕಣಗಳೂ ಹಾಗೆಯೇ ದಣಿದು ಕೆಲಸ ಬಿಡುತ್ತಿದ್ದವು. ನಾನು ಅದಕ್ಕೆ ಕೆಲಸಗಳ್ಳತನ ಎಂದು ಹೆಸರಿಟ್ಟಿದ್ದೆ.

ಮಾರನೆಯ ದಿನ ಬೆಳಿಗ್ಗೆ ಅವಳಿಗೆ ಸ್ವಲ್ಪ ತಿಳಿವು ಬಂತು. ನನ್ನ ಕೈಯನ್ನು ತಾನೇ ಎಳೆದು ಕುತ್ತಿಗೆಗೆ ಇಟ್ಟುಕೊಂಡಳು.

‘ಈಗರ ಐತೇನು ನೋಡಬೇ.’

ಇರಲಿಲ್ಲ. ಮೊದಲಿನ ಹಾಗೆಯೇ ತಣ್ಣಗಿತ್ತು.

‘ಐತಿ ಯಕ್ಕಾ. ಭಾಳ ಐತಿ.’

‘ನಾ ಹೇಳಿದ್ನಲ್ಲ’ ಎಂದು ಕಣ್ಣು ಮುಚ್ಚಿದಳು. ಅವಳು ನನ್ನ ಜೊತೆ ಆಡಿದ ಕಡೆಯ ಮಾತು ಅದೇ. ಎರಡು ದಿನ ಬಿಟ್ಟು ಮಧ್ಯಾಹ್ನ ತೀರಿಹೋದಳು.

ಯಾರೂ ನನ್ನನ್ನು ಬಯ್ಯಲಿಲ್ಲ. ವಯಸ್ಸಾಗಿತ್ತು ಎಂದರು. ಪಕ್ಕದ ಮನೆಯವಳಂತೂ ತಾನು ನಕ್ಕಿದ್ದನ್ನೇ ಮರೆತಿದ್ದಳು. ಸೊಸೆಯಾದರೂ ಒಂದು ಮಾತು ಬಯ್ದಿದ್ದರೆ ನಾನು ತಿರುಗಿ ಜಗಳ ಆಡುತ್ತಿದ್ದೆ, ಇಬ್ಬರಿಗೂ ಹಗುರಾಗುತ್ತಿತ್ತು. ಅವಳು ದಿನಾ ಚಹಾ ತಂದು ಮುಂದಿಟ್ಟು ಹೋಗುತ್ತಿದ್ದಳು.

ಈ ವರ್ಷ ಚಳಿಗೆ ನನಗೆ ಕೆಮ್ಮು ಹತ್ತಿತು. ಉಣ್ಣಲು ಮನಸ್ಸಿಲ್ಲ, ಕಾಲಲ್ಲಿ ಬಲವಿಲ್ಲ. ಕೇಳದೆಯೇ ಸೊಸೆ ಆಟೋ ಕರೆಸಿದಳು.

‘ಜ್ವರನೇ ಇಲ್ಲಲ್ಲೇ, ಎದಕ್ಕ?’ ಎಂದೆ. ಹಳೇ ಬಾಯಿ, ಅಷ್ಟು ಬೇಗ ಬಿಡುವುದಿಲ್ಲ.

‘ಸಣ್ಣತ್ತಿ, ನಿಮ್ಮ ಮಾತು ಒಮ್ಮೆ ಕೇಳೀನಿ. ಸಾಕು. ಏರ್ರಿ.’

ಏರಿದೆ. ಎದೆಯಲ್ಲಿ ನಂಜು ಕಟ್ಟಿತ್ತಂತೆ. ಇನ್ನೆರಡು ದಿನ ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಐದು ದಿನ ಕೈಗೆ ಸೂಜಿ ಹಾಕಿ ಮಲಗಿಸಿದರು, ಗುಳಿಗೆ ಕೊಟ್ಟರು, ಮನೆಗೆ ಕಳಿಸಿದರು. ಅಷ್ಟೇ. ಅಕ್ಕನಿಗೂ ಅಷ್ಟೇ ಸಾಕಾಗುತ್ತಿತ್ತೇನೋ.

ಆ ಐದು ದಿನವೂ ಸೊಸೆ ಮಂಚದ ಪಕ್ಕ ಕುಳಿತು ಇಡ್ಲಿ ಮುರಿದು ಕೊಟ್ಟಳು. ಒಮ್ಮೆಯೂ ತಲೆ ಎತ್ತಿ ಅವಳ ಮುಖ ನೋಡಲು ನನಗೆ ಆಗಲಿಲ್ಲ.